ನಡುಗೆರೆಯ ಅಂಚು

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಗಂಟು ಕಟ್ಟದಂತೆ ಕೈಯಾಡಿಸುತ್ತ ಕುದಿಸಿ, ಇಳಿಸುವ ಹೊತ್ತಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಒಂದು ವಾಸನೆ ಏಳುತ್ತದೆ. ತಾಮ್ರದ ಚೊಂಬಿನಲ್ಲಿ ಗಂಜಿ ಮರೆತುಬಿಟ್ಟಂಥ ವಾಸನೆ. ಮೈಲುತುತ್ತ ಹಾಕುವುದು ಕಾಗದಕ್ಕೆ ಹುಳ ಹಿಡಿಯದಿರಲಿ ಎಂದು. ಈಗ ಯಾರೂ ಈ ಅಂಟು ಕಾಯಿಸುವುದಿಲ್ಲ. ಡಬ್ಬಿಯಲ್ಲಿ ಬಿಳಿ ಅಂಟು ಸಿಗುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಹೋದ ವಾರ ಚಾಮರಾಜಪೇಟೆಯ ನನ್ನ ಬೈಂಡಿಂಗ್ ಅಂಗಡಿಗೆ ಒಬ್ಬರು ತಾತನ ಕಾಲದ ಒಂದು ನಕ್ಷೆ ತಂದು, ಹಿಂದಕ್ಕೆ ಬಟ್ಟೆ ಹಚ್ಚಿಕೊಡಿ ಎಂದರು. ಬಟ್ಟೆಗೆ ಹಳೆಯ ಅಂಟೇ ಆಗಬೇಕು. ಎಷ್ಟೋ ವರ್ಷದ ಮೇಲೆ ಕಾಯಿಸಿದೆ. ವಾಸನೆ ಎದ್ದಿತು. ಅದರ ಹಿಂದೆಯೇ ಅಕ್ಕ ಬಂದು ನಿಂತಳು…

ನಾನು ಓದಿದ್ದು ಏಳನೇ ಕ್ಲಾಸು. ಬೇರೆಯವರು ಬರೆದದ್ದಕ್ಕೆ ರಟ್ಟು ಹಾಕುವುದು ನನ್ನ ಕೆಲಸ, ಬರೆಯುವುದಲ್ಲ. ಆದರೂ ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದಕ್ಕೆ ಅಲ್ಲ; ಕ್ಷಮಿಸಬೇಕಾದವಳು ಈಗಿಲ್ಲ, ಇದ್ದಾಗ ನಾನು ಕೇಳಲೂ ಇಲ್ಲ. ಒಂದು ಕೆರೆ ಇತ್ತು. ಅದು ಇರಲೇ ಇಲ್ಲ ಎಂದು ಬರೆದುಕೊಂಡವರು ಇದ್ದಾರೆ. ಅವರ ಬರಹಕ್ಕೆ ಎದುರಾಗಿ ನನ್ನದೂ ಒಂದು ಇರಲಿ ಎಂದು ಬರೆಯುತ್ತಿದ್ದೇನೆ.

ಅಮ್ಮ ಹೋದಾಗ ನಾನಿನ್ನೂ ಚಿಕ್ಕವನು. ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದರು. ನನ್ನನ್ನು ಬೆಳೆಸಿದವಳು ಅಕ್ಕ. ಹನುಮಂತನಗರದ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದಳು. ಮದುವೆಯಾಗಲಿಲ್ಲ. ವಠಾರದ ಹೆಂಗಸರು ಆ ಮಾತೆತ್ತಿದರೆ, "ಇವನನ್ನ ಪಾಸ್ ಮಾಡ್ಸಿ ಆಮೇಲೆ ನೋಡ್ತೀನಿ" ಎನ್ನುತ್ತಿದ್ದಳು. ನಾನು ಪಾಸಾಗಲೇ ಇಲ್ಲ. ಎಂಟನೆಯದರಲ್ಲಿ ಎರಡು ಸಲ ಕೂತು ಎದ್ದುಬಂದು, ಮನೆಯ ಹಿಂದಿನ ಬೀದಿಯ ಬೈಂಡಿಂಗ್ ಅಂಗಡಿ ಸೇರಿದೆ. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಶಾಲೆಯ ಹರಿದ ಪುಸ್ತಕಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ಹೊತ್ತು ತಂದು ಅಂಗಡಿಯ ಮುಂದೆ ಇಳಿಸಿ, "ಹೊಲಿ, ನೋಡೋಣ" ಎಂದಳು.

ಅಮ್ಮನ ತವರು ಬೆಂಗಳೂರಿನಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಊರು. ಅಲ್ಲಿ ಇಳಿಜಾರಿನಲ್ಲಿ ಒಂದರ ಕೆಳಗೊಂದು ಮೂರು ಕೆರೆ. ಮೇಲಿನದು ದೊಡ್ಡಕೆರೆ, ಕೆಳಗಿನದು ಚಿಕ್ಕಕೆರೆ, ನಡುವಿನದು ನಡುಗೆರೆ. ದೊಡ್ಡಕೆರೆ ಕೋಡಿ ಬಿದ್ದರೆ ನೀರು ನಡುಗೆರೆಗೆ, ಅದು ತುಂಬಿದರೆ ಚಿಕ್ಕಕೆರೆಗೆ. ನಾನು ಹುಟ್ಟುವ ಮೊದಲೇ ಒಂದು ಮಳೆಗಾಲದಲ್ಲಿ ನಡುಗೆರೆಯ ಏರಿ ಒಡೆಯಿತಂತೆ. ಯಾರೂ ಕಟ್ಟಲಿಲ್ಲ. ಆ ಜಾಗ ಜೌಗಾಯಿತು, ಆಳೆತ್ತರ ಜೊಂಡು ಬೆಳೆಯಿತು. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಕೊಕ್ಕರೆಗಳು. ಬೇಸಿಗೆಯಲ್ಲಿ ದನ ಮೇಯುತ್ತಿದ್ದವು. ಅಮ್ಮ ಆ ಜೊಂಡಿನಲ್ಲಿ ಚಾಪೆ ನೇಯುತ್ತಿದ್ದಳು. ನಾವು ಮಲಗುತ್ತಿದ್ದದ್ದು ಅದರ ಮೇಲೆಯೇ. ಅಕ್ಕ ಮಾತ್ರ ನಡುಗೆರೆಯನ್ನು ತುಂಬಿದ ಕೆರೆಯಾಗಿ ಕಂಡಿದ್ದಳು, ಅದರಲ್ಲಿ ಈಜಿದ್ದಳು. ನನಗೆ ಅದು ಬರೀ ಅವಳು ಹೇಳುವ ಕತೆ.

ತೊಂಬತ್ತರ ದಶಕದ ನಡುವೆ ಇರಬೇಕು, ಕಾಟನ್‌ಪೇಟೆಯ ಒಂದು ರದ್ದಿ ಅಂಗಡಿಯಲ್ಲಿ ಅವಳಿಗೆ ಎರಡು ನಕ್ಷೆ ಹಾಳೆ ಸಿಕ್ಕಿದವು. ಬ್ರಿಟಿಷರ ಕಾಲದಲ್ಲಿ ಆ ಸೀಮೆಯನ್ನು ಅಳೆದು ಅಚ್ಚು ಹಾಕಿದ್ದು. ದಿಬ್ಬ ತಗ್ಗುಗಳಿಗೆ ಕೂದಲೆಳೆಯಂಥ ಕಂದು ಗೆರೆ, ದಾರಿಗೆ ಕೆಂಪು, ನೀರಿಗೆ ನೀಲಿ, ಏರಿಗೆ ದಪ್ಪ ಕಪ್ಪು ಗೆರೆ. ಅಮ್ಮನ ಊರು ಸರಿಯಾಗಿ ಎರಡು ಹಾಳೆಗಳ ಗಡಿಯಲ್ಲಿ ಸಿಕ್ಕಿಕೊಂಡಿತ್ತು. ದೊಡ್ಡಕೆರೆ ಪಡುವಣ ಹಾಳೆಯಲ್ಲಿ, ಚಿಕ್ಕಕೆರೆ ಮೂಡಣ ಹಾಳೆಯಲ್ಲಿ. ನಡುಗೆರೆ ಮಾತ್ರ ಅರ್ಧ ಅಲ್ಲಿ, ಅರ್ಧ ಇಲ್ಲಿ.

ಭಾನುವಾರ ಬಂದರೆ ಅಕ್ಕ ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಹರಡಿ ಕೂರುತ್ತಿದ್ದಳು. ಆದರೆ ನಡುವೆ ಎರಡು ಹಾಳೆಗಳ ಬಿಳಿ ಅಂಚು ಅಡ್ಡ ಬರುತ್ತಿತ್ತು. ಆ ಅಂಚಿನಲ್ಲಿ ಹಾಳೆಯ ನಂಬರು, ಅಳೆದ ವರ್ಷ, ಅಚ್ಚಾದ ವರ್ಷ, ಇನ್ನೂ ಏನೇನೋ ಸಣ್ಣ ಇಂಗ್ಲಿಷ್ ಅಕ್ಷರ. ಅಂಚನ್ನು ಮಡಚಿದರೆ ಹಳೆಯ ಕಾಗದ ಮುರಿಯುತ್ತದೆ ಎಂದು ಅವಳಿಗೆ ಭಯ. "ನೋಡೋ, ಇದು ಇಲ್ಲಿಂದ ಹೀಗೆ ಬಂದು ಹೀಗೆ ಸೇರುತ್ತೆ" ಎಂದು ಗಾಳಿಯಲ್ಲಿ ಬೆರಳಾಡಿಸಿ ಕೆರೆಯನ್ನು ತುಂಬಿಸುತ್ತಿದ್ದಳು.

ಗೌರಿ ಹಬ್ಬಕ್ಕೆ ತಮ್ಮನಾದವನು ಅಕ್ಕನಿಗೆ ಏನಾದರೂ ಕೊಡಬೇಕು. ತವರು ಅಂತ ಅವಳಿಗೆ ಇದ್ದವನು ನಾನೊಬ್ಬ. ಪ್ರತಿ ಸಲ ಗಾಂಧಿ ಬಜಾರಿನಲ್ಲಿ ಒಂದು ಸೀರೆ ಕೊಳ್ಳುತ್ತಿದ್ದೆ. ಅವಳು ಅಂಚು ಅಗಲವಾಯಿತು ಎಂದೋ ಬಣ್ಣ ಗಾಢವಾಯಿತು ಎಂದೋ ಕೊಂಕು ತೆಗೆದು ಉಟ್ಟುಕೊಳ್ಳುತ್ತಿದ್ದಳು. ಆ ವರ್ಷ ನನಗೆ ಬೇರೆ ಯೋಚನೆ ಬಂತು. ಅಷ್ಟರಲ್ಲಿ ನಾನು ನಕ್ಷೆಗೆ ಬಟ್ಟೆ ಹಚ್ಚುವುದನ್ನು ಕಲಿತಿದ್ದೆ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅವಳ ಪೆಟ್ಟಿಗೆಯಿಂದ ಎರಡೂ ಹಾಳೆ ಎತ್ತಿಕೊಂಡು ಅಂಗಡಿಗೆ ಹೋದೆ.

ಕೆಲಸ ಹೀಗೆ. ಹಲಗೆಯ ಮೇಲೆ ಒದ್ದೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆಯಬೇಕು. ಅಂಟು ಬಳಿಯಬೇಕು. ನಕ್ಷೆಯನ್ನೂ ಒದ್ದೆ ಮಾಡಿ ಮಲಗಿಸಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಹೋಗಬೇಕು. ತೊಂದರೆ ಏನೆಂದರೆ ಒದ್ದೆಯಾದ ಕಾಗದ ಹಿಗ್ಗುತ್ತದೆ, ಎರಡು ಹಾಳೆ ಒಂದೇ ಸಮ ಹಿಗ್ಗುವುದಿಲ್ಲ. ಈ ಹಾಳೆಯ ದಾರಿ ಆ ಹಾಳೆಯ ದಾರಿಗೆ ಕೂಡುವುದಿಲ್ಲ. ಅದಕ್ಕೆ ನಮ್ಮ ಮಾಲೀಕರು ಹೇಳಿಕೊಟ್ಟಿದ್ದು ಒಂದೇ ಮಾತು: ದಾರಿ ದಾರಿಗೆ ಸೇರೋವರೆಗೂ ಕತ್ತರಿಸು. ನಾನು ಕತ್ತರಿಸಿದೆ. ನಡುವಿನ ಎರಡು ಅಂಚು ಹೋಯಿತು, ಅದರ ಜೊತೆ ನಡುಗೆರೆಯ ಒಂದು ಸಣ್ಣ ಪಟ್ಟಿಯೂ ಹೋಯಿತು. ದಾರಿ ಸೇರಿತು. ಕೆರೆ ಸ್ವಲ್ಪ ಸಣ್ಣದಾಗಿ, ಆದರೆ ಇಡಿಯಾಗಿ ಕೂತಿತು. ಆಮೇಲೆ ನೋಡಲು ಒಪ್ಪವಾಗಿರಲಿ ಎಂದು ಸುತ್ತಲಿನ ಬಿಳಿ ಅಂಚನ್ನೂ ನಾಲ್ಕು ಕಡೆ ಸವರಿಬಿಟ್ಟೆ. ಆ ಪಟ್ಟಿಗಳನ್ನು ಎಸೆಯಲಿಲ್ಲ. ಅಂಗಡಿಯಲ್ಲಿ ಯಾವ ಕಾಗದವೂ ಕಸವಲ್ಲ. ಪುಸ್ತಕದ ಬೆನ್ನಿಗೆ ಒಳಗಡೆ ಅಂಟಿಸಲು ಬೇಕಾಗುತ್ತದೆ. ಆ ನಂಬರು, ಆ ವರ್ಷ ಇವತ್ತೂ ಯಾರ ಮನೆಯ ಯಾವ ಪುಸ್ತಕದ ಬೆನ್ನೊಳಗೆ ಇವೆಯೋ…

ಹಬ್ಬದ ಬೆಳಿಗ್ಗೆ ಸುರುಳಿ ಬಿಚ್ಚಿ ಅಮ್ಮನ ಚಾಪೆಯ ಮೇಲೆ ಹಾಸಿದೆ.

"ಸೀರೆ ಎಲ್ಲೋ?" ಎಂದಳು ಮೊದಲು. ಆಮೇಲೆ ಬಗ್ಗಿ ನೋಡಿದಳು. ಕೂತಳು. ನಡುಗೆರೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಹಾಗೇ ಇದ್ದಳು. ನೀರು ಎಷ್ಟು ತಣ್ಣಗಿದೆ ಎಂದು ನೋಡುವವರ ಹಾಗೆ. ಕೊನೆಗೆ ಕತ್ತರಿಸಿದ ಅಂಚಿನ ಗುಂಟ ಬೆರಳು ಓಡಿಸಿ, "ಸುತ್ತ ಬರ್ದಿತ್ತಲ್ಲೋ, ಅದು?" ಎಂದಳು.

"ಬಿಳಿ ಕಾಗದ ತಾನೆ ಅಕ್ಕ? ಅದ್ಯಾಕೆ?"

ನನ್ನ ಕಿವಿ ಹಿಂಡಿ, "ಏಳನೇ ಕ್ಲಾಸು, ಏಳನೇ ಕ್ಲಾಸು" ಎಂದು ನಕ್ಕಳು. ಅವಳ ಕಣ್ಣು ಒದ್ದೆಯಾಗಿತ್ತು. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ ಎಂದು ಆ ದಿನ ನಂಬಿದ್ದೆ.

ಒಂದೆರಡು ವರ್ಷವಾದ ಮೇಲೆ ಊರಿನಿಂದ ಸೋದರಮಾವ ಬಂದರು. ಅಮ್ಮನ ತಮ್ಮ. ಊರಿನ ಸುತ್ತ ಲೇಔಟ್ ಮಾಡುವವರು ಜಮೀನು ಕೊಂಡಿದ್ದರು, ನಡುಗೆರೆಯ ಜೌಗನ್ನೂ ಸೇರಿಸಿಕೊಂಡು ಸೈಟಿನ ಕಲ್ಲು ನೆಡಲು ಹೊರಟಿದ್ದರು. ಅದು ಕೆರೆ ಎಂದಾದರೆ ಅಲ್ಲಿ ಮನೆ ಕಟ್ಟುವ ಹಾಗಿಲ್ಲ. ಕೆರೆಯೇ ಅಲ್ಲ, ಎಂದೂ ಆಗಿರಲಿಲ್ಲ, ಬರೀ ಖರಾಬು, ಬೆಳೆಗೆ ಬಾರದ ಪಾಳು ನೆಲ ಎಂಬುದು ಅವರ ವಾದ. ಊರಿನ ದಾಖಲೆಯಲ್ಲೂ ಖರಾಬು ಎಂದೇ ಇತ್ತು. ಈಚಿನ ನಕ್ಷೆಗಳಲ್ಲಿ ಆ ಜಾಗ ಖಾಲಿ. ತಾಲ್ಲೂಕು ಕಚೇರಿಯಲ್ಲಿ ಸಾಹೇಬರು ಎರಡೂ ಕಡೆಯವರನ್ನು ಕರೆದು ಕೇಳುತ್ತಾರಂತೆ.

"ನಿನ್ನ ಹತ್ರ ಹಳೇ ನಕ್ಷೆ ಇದ್ಯಂತಲ್ಲಮ್ಮ" ಎಂದರು ಮಾವ.

"ಇದೆ ಮಾವ. ಮೂರು ಕೆರೇನೂ ಇದೆ" ಎಂದಳು ಅಕ್ಕ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳಿದಳು, "ಅಮ್ಮ ಚಾಪೆ ನೇಯ್ದಿದ್ದು ಖರಾಬಿನಲ್ಲಂತೆ ಕಣೋ. ಕೇಳ್ಸಿಕೊಂಡ್ಯಾ?"

ವಿಚಾರಣೆಯ ದಿನ ನಾನೂ ಜೊತೆಗೆ ಹೋದೆ. ಕಚೇರಿಯ ಉದ್ದನೆಯ ಮೇಜಿನ ಮೇಲೆ ಅಕ್ಕ ನಕ್ಷೆ ಬಿಚ್ಚಿದಾಗ ಊರಿನವರೆಲ್ಲ ಮುಂದೆ ಬಾಗಿದರು. ಸಾಹೇಬರೂ ಕನ್ನಡಕ ಸರಿ ಮಾಡಿಕೊಂಡರು. ನನಗೆ ಹೆಮ್ಮೆಯಾಯಿತು. ಆಗ ಲೇಔಟಿನ ಕಡೆಯ ವಕೀಲರು ಎದ್ದು ಬಂದರು. ಒಳ್ಳೆಯ ಮಾತುಗಾರ, ನಗುಮುಖ.

"ಮೇಡಂ, ಇದು ಯಾವ ವರ್ಷದ್ದು?"

"ಬ್ರಿಟಿಷರ ಕಾಲದ್ದು."

"ಎಲ್ಲಿದೆ ತೋರ್ಸಿ."

ಅಕ್ಕನ ಬೆರಳು ಕತ್ತರಿಸಿದ ಅಂಚಿನ ಗುಂಟ ಹೋಗಿ ನಿಂತಿತು.

"ಅವೆನ್ಯೂ ರೋಡ್ ಫುಟ್‌ಪಾತಲ್ಲಿ ಟಿಪ್ಪು ಸುಲ್ತಾನನ ಕಾಲದ್ದೂ ಸಿಗುತ್ತೆ ಮೇಡಂ, ಚೌಕಾಸಿ ಮಾಡ್ಬೇಕು ಅಷ್ಟೇ" ಎಂದರು ಅವರು. ಅವರ ಕಡೆಯವರು ನಕ್ಕರು. ಆಮೇಲೆ ಸಾಹೇಬರ ಕಡೆ ತಿರುಗಿ, "ನಂಬರಿಲ್ಲ, ವರ್ಷ ಇಲ್ಲ. ನಾಲ್ಕು ಕಡೆ ಕತ್ತರಿ ಬಿದ್ದಿದೆ. ಅಂಟ್ಸಿರೋದು ಎಲ್ಲಿ ನೋಡಿ ಸಾರ್, ಸರಿಯಾಗಿ ಕೆರೆ ಮೇಲೆ. ದಾರಿ ಸೇರುತ್ತೆ, ಏರಿ ಸೇರಲ್ಲ. ಸರ್ಕಾರಿ ನಕ್ಷೆ ತಿದ್ದೋದು ಜೈಲಿಗೆ ಹೋಗೋ ಕೆಲ್ಸ. ಇದನ್ನ ಯಾರು ಮಾಡಿದ್ರು ಅಂತ ದಯವಿಟ್ಟು ಕೇಳ್ಬೇಕು" ಎಂದರು.

ಸಾಹೇಬರು ನನ್ನ ಕಡೆ ನೋಡಿದರು. ಬೈಂಡಿಂಗ್ ಕೆಲಸದವನು ಎಂದು ಮಾವ ಮೊದಲೇ ಪರಿಚಯ ಹೇಳಿದ್ದರು. ಮೈಲುತುತ್ತ ಮುಟ್ಟಿ ಮುಟ್ಟಿ ನನ್ನ ಉಗುರ ಸುತ್ತ ಹಸಿರುನೀಲಿ ಬಣ್ಣ ಕಟ್ಟಿರುತ್ತಿತ್ತು. ಎರಡೂ ಕೈ ಕಂಕುಳಲ್ಲಿ ಸೇರಿಸಿಕೊಂಡೆ.

"ನೀವೇನಪ್ಪಾ ಮಾಡಿದ್ದು?"

ಹೌದು ಸಾರ್, ಬಟ್ಟೆಗೆ ಹಚ್ಚುವಾಗ ಅಂಚು ತೆಗೀತೀವಿ, ಕಾಗದ ಹಿಗ್ಗುತ್ತೆ, ಅದಕ್ಕೇ ಏರಿ ಸೇರಿಲ್ಲ, ಬನ್ನಿ ಅಂಗಡಿಗೆ, ಬೇರೆ ನಕ್ಷೆಗಳನ್ನೂ ತೋರಿಸ್ತೀನಿ… ಇಷ್ಟು ಹೇಳಿದ್ದರೆ ಸಾಕಿತ್ತು. ಏಳನೇ ಕ್ಲಾಸಿನವನಿಗೂ ಬರುವ ಮಾತು. ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿದ್ದ ಮಾತು.

"ಇಲ್ಲ ಸಾರ್. ನಾನು ಮುಟ್ಟಿಲ್ಲ" ಎಂದೆ.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ತರಗತಿಯಲ್ಲಿ ಬೋರ್ಡಿನ ಮುಂದೆ ಹೋಗುವಾಗ ಮಾಡುತ್ತಿದ್ದ ಹಾಗೆ.

"ನಾನೇ ಕತ್ತರಿಸಿದ್ದು ಸಾರ್. ನಾನೇ ಅಂಟ್ಸಿದ್ದು. ಆದ್ರೆ ಕೆರೆ ನಾನು ಬರೀಲಿಲ್ಲ."

ಸಾಹೇಬರು ನಕ್ಷೆಯನ್ನು ಪಕ್ಕಕ್ಕೆ ಸರಿಸಿದರು. ತಿಂಗಳೊಳಗೆ ತೀರ್ಪು ಲೇಔಟಿನವರ ಕಡೆ ಆಯಿತು. ಆ ಹಳೆಯ ಹಾಳೆಗಳ ಬೇರೆ ಪ್ರತಿಗಾಗಿ ಅಕ್ಕ ಕಚೇರಿಗಳಿಗೆ ಅಲೆದಳು. ಅಷ್ಟು ಹಿಂದಿನದು ನಮ್ಮಲ್ಲಿಲ್ಲ ಎಂದರು. ಊರಿನಲ್ಲಿ, ಟೀಚರಮ್ಮ ಕತ್ತರಿ ಹಾಕಿ ಕೆಡಿಸಿಬಿಟ್ಟಳು ಎಂಬ ಮಾತಾಯಿತು. ಮಾವ ನಮ್ಮ ಮನೆಗೆ ಬರುವುದನ್ನು ಬಿಟ್ಟರು.

ಆವತ್ತು ಕಚೇರಿಯಿಂದ ವಾಪಸು ಬಂದು ಮಾರ್ಕೆಟಿನಲ್ಲಿ ಬಸ್ಸಿಳಿದಾಗ, ಅವಳು ಬೈಯಲಿ ಎಂದು ಕಾಯುತ್ತಿದ್ದೆ. ಹೊಡೆದಿದ್ದರೂ ಸರಿಯಿತ್ತು. ಅವಳು ಬಿಸಿ ಕಡಲೆಕಾಯಿ ಕೊಂಡು ಅರ್ಧ ನನ್ನ ಕೈಗೆ ಸುರಿದಳು. ಸಿಪ್ಪೆ ಬಿಡಿಸುತ್ತ, "ಇನ್ನೊಂದು ಜೊತೆ ಹುಡುಕೋಣ. ಒಂದೇ ಅಚ್ಚು ಹಾಕಿರ್ತಾರಾ? ಎಲ್ಲೋ ಇರುತ್ತೆ. ಈ ಸಲ ಅಂಚು ಬಿಟ್ಟು ಅಂಟ್ಸು" ಎಂದಳು. ಅಷ್ಟೇ. ಆ ವಿಷಯ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವಳು ಎತ್ತದಿದ್ದದ್ದು ದೊಡ್ಡತನ, ನಾನು ಎತ್ತದಿದ್ದದ್ದು ಹೇಡಿತನ. ಎರಡೂ ಒಂದೇ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಊಟ ಮಾಡಿದವು.

ಆಮೇಲೆ ಅವಳ ಭಾನುವಾರಗಳೆಲ್ಲ ರದ್ದಿ ಅಂಗಡಿಗಳಲ್ಲಿ ಕಳೆದವು. ಕಾಟನ್‌ಪೇಟೆಯ ರದ್ದಿಯವನು ಅವಳನ್ನು ದೂರದಿಂದ ಕಂಡೇ, "ಟೀಚರೇ, ಇವತ್ತು ಕೆರೆ ಬಂದಿಲ್ಲ, ಬರೀ ವಾರಪತ್ರಿಕೆ" ಎಂದು ಕೂಗುತ್ತಿದ್ದ. "ನೀನು ಜರಡಿ ಹಿಡಿದಿಲ್ಲ, ಸರಿ ಆ ಕಡೆ" ಎಂದು ಇವಳು ಒಳಗೆ ನುಗ್ಗುತ್ತಿದ್ದಳು. ನಡುಗೆರೆಯಲ್ಲಿ ಕಲ್ಲು ನೆಟ್ಟರು, ಮಣ್ಣು ತುಂಬಿದರು, ಹೊಸ ಶತಮಾನ ಬರುವ ಹೊತ್ತಿಗೆ ಲೇಔಟಿನ ಹೆಬ್ಬಾಗಿಲಿಗೆ ಕಮಾನು ಎದ್ದಿತು. ಅಲ್ಲಿನ ಬಸ್ ಸ್ಟಾಪಿಗೆ ಲೇಔಟಿನ ಹೆಸರೇ ಬಂತು. ಅಕ್ಕ ಒಪ್ಪಲಿಲ್ಲ. ಪ್ರತಿ ಗೌರಿ ಹಬ್ಬದ ಮಾರನೆಯ ದಿನ ಅಲ್ಲಿಗೆ ಹೋಗುತ್ತಿದ್ದಳು, ನಾನೂ ಜೊತೆಗಿರಬೇಕು. ಬಸ್ಸಿನಲ್ಲಿ ಕಂಡಕ್ಟರಿಗೆ ಗಟ್ಟಿಯಾಗಿ, "ಎರಡು ನಡುಗೆರೆ" ಎನ್ನುತ್ತಿದ್ದಳು.

"ಅಂಥ ಸ್ಟಾಪೇ ಇಲ್ಲಮ್ಮ."

"ಇದೆ. ನಿಮ್ಗೆ ಗೊತ್ತಿಲ್ದೆ ಇರ್ಬಹುದು. ಬಂದಾಗ ತೋರಿಸ್ತೀನಿ, ನಿಲ್ಸಿ."

ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಅಲ್ಲೂ ನಾನು ಅವಳ ಜೊತೆಯವನಲ್ಲ ಎಂಬಂತೆ. ಇದನ್ನೂ ಬರೆದುಬಿಡುತ್ತೇನೆ.

ವರ್ಷಗಳ ಮೇಲೆ ಒಂದು ಮಳೆಗಾಲದಲ್ಲಿ ಅವಳು ಒದ್ದೆ ಸೀರೆಯಲ್ಲೇ ಅಂಗಡಿಗೆ ಬಂದಳು. ಸೆರಗಿನೊಳಗೆ ಪ್ಲಾಸ್ಟಿಕ್ ಸುತ್ತಿದ ಸುರುಳಿ. ಮೂಡಣ ಹಾಳೆ. ನಾಲ್ಕೂ ಅಂಚು ಸರಿಯಾಗಿತ್ತು. ನಂಬರು, ಅಳೆದ ವರ್ಷ, ಅಚ್ಚಾದ ವರ್ಷ, ಎಲ್ಲ. ಅರ್ಧ ನಡುಗೆರೆ ನೀಲಿಯಾಗಿ ಬಂದು ಅಂಚಿನ ಗೆರೆಯ ಹತ್ತಿರ ನಿಂತಿತ್ತು. "ಒಂದು ಬಂತು ನೋಡು. ಇದರ ಜೊತೆಗಾರ್ತಿ ಎಲ್ಲೋ ಕೂತಿದ್ದಾಳೆ" ಎಂದು ನಕ್ಕಳು. ಆ ಗಳಿಗೆಯಲ್ಲಿ ಹೇಳಬಹುದಿತ್ತು. ಅಕ್ಕ, ಆವತ್ತು ಕಚೇರಿಯಲ್ಲಿ ನಾನು… ಎಂದು ಶುರು ಮಾಡಿದರೆ ಸಾಕಿತ್ತು. "ತಲೆ ಒರೆಸ್ಕೋ, ನೆಗಡಿಯಾಗುತ್ತೆ" ಎಂದೆ.

ಎರಡನೆಯ ಹಾಳೆ ಸಿಗಲಿಲ್ಲ. ಒಂದು ಬೆಳಿಗ್ಗೆ ಶಾಲೆಗೆ ಹೊರಟವಳು ವಠಾರದ ಮೆಟ್ಟಿಲ ಮೇಲೆ ಕೂತಳು. ಯಾಕೋ ತಲೆ ಭಾರ ಎಂದಳು. ಆಸ್ಪತ್ರೆ ತಲುಪುವ ಮೊದಲೇ…

ಕಾರ್ಯ ಮುಗಿದ ಮೇಲೆ ನಾನು ಮೊದಲು ಮಾಡಿದ್ದು ಊರಿಗೆ ಹೋದದ್ದು. ಮಾವ ಜಗುಲಿಯ ಮೇಲಿದ್ದರು, ಮುದುಕರಾಗಿದ್ದರು. ಅಕ್ಕಪಕ್ಕದವರೂ ನಾಲ್ಕು ಜನ ಕೂತಿದ್ದರು. ಅವರು ಇದ್ದದ್ದು ಒಳ್ಳೆಯದೇ ಆಯಿತು.

"ಮಾವ, ನಕ್ಷೆ ಕತ್ತರಿಸಿದ್ದು ಅಕ್ಕ ಅಲ್ಲ. ನಾನು. ಕಚೇರೀಲಿ ಹೇಳಿದ್ದು ಸುಳ್ಳು."

ಮಾವ ನನ್ನ ಕೈಗಳನ್ನು ನೋಡಿದರು. "ಈಗ ಹೇಳ್ತೀಯೇನೋ? ಅವ್ಳಿದ್ದಾಗ ಬಾಯಿಗೇನು ಅಂಟು ಹಾಕ್ಕೊಂಡಿದ್ದಾ?" ಎಂದರು. ಒಳಗೆ ಎದ್ದು ಹೋದರು. ಮತ್ತೆ ಹೊರಗೆ ಬರಲಿಲ್ಲ.

ಅವರು ಹೇಳಿದ್ದು ಸರಿ. ಈಗ ಹೇಳುವುದರಿಂದ ಅಕ್ಕನ ಮೇಲೆ ಬಂದ ಮಾತು ಅವಳ ಕಿವಿಯಿಂದ ಅಳಿಸುವುದಿಲ್ಲ. ಕಮಾನು ಬೀಳುವುದಿಲ್ಲ. ಆದರೂ ಹೇಳುತ್ತೇನೆ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಆ ವಕೀಲರು ಎಲ್ಲಾದರೂ ಇದ್ದು ಇದನ್ನು ಓದಿದರೆ ಬರಲಿ, ನನ್ನ ಉಗುರು ನೋಡಲಿ. ಸೇರದ ಏರಿ ನನ್ನ ಕತ್ತರಿಯದು. ನೀಲಿ ನನ್ನದಲ್ಲ, ಅಕ್ಕನದೂ ಅಲ್ಲ. ಅಲ್ಲಿ ನೀರಿತ್ತು, ಅಳೆಯಲು ಬಂದವರು ಕಂಡರು, ಬರೆದರು. ಈಗ ಗೌರಿ ಹಬ್ಬದ ಮಾರನೆಯ ದಿನ ನಾನೊಬ್ಬನೇ ಬಸ್ಸು ಹತ್ತುತ್ತೇನೆ. "ಒಂದು ನಡುಗೆರೆ" ಎಂದು ಗಟ್ಟಿಯಾಗಿಯೇ ಕೇಳುತ್ತೇನೆ. ಕಿಟಕಿಯ ಕಡೆ ನೋಡುವುದಿಲ್ಲ.

ಹೋದ ವಾರ ನಕ್ಷೆ ತಂದವರು ನಿನ್ನೆ ಮತ್ತೆ ಬಂದಿದ್ದರು. ಕೆಲಸ ನೋಡಿ ಖುಷಿಪಟ್ಟು, "ಈ ಬಿಳಿ ಅಂಚು ಕಟ್ ಮಾಡ್ಬಿಡಿ ಸಾರ್, ಫ್ರೇಮಿಗೆ ನೀಟಾಗಿರುತ್ತೆ" ಎಂದರು.

"ಕಟ್ ಮಾಡಲ್ಲ" ಎಂದೆ.

"ನಮ್ಮದೇ ತಾನೆ ಸಾರ್?"

"ನಿಮ್ಮದೇ. ಬೇರೆ ಕಡೆ ಮಾಡಿಸ್ಕೊಳ್ಳಿ. ನನ್ನ ಕತ್ತರಿ ಹಾಕಲ್ಲ."

ಅವರು ಮುಖ ಸಿಂಡರಿಸಿಕೊಂಡು ನಿಂತರು. ಆಮೇಲೆ ಅವರ ಕಣ್ಣು ನನ್ನ ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ಅಕ್ಕ ತಂದ ಮೂಡಣ ಹಾಳೆ ಇದೆ. ಅವಳು ಹೋದ ಮೇಲೆ ನಾನೇ ಬಟ್ಟೆಗೆ ಹಚ್ಚಿದ್ದು, ನಾಲ್ಕೂ ಅಂಚು ಉಳಿಸಿ. ಬಟ್ಟೆಯನ್ನು ಮಾತ್ರ ಎರಡು ಹಾಳೆಗೆ ಆಗುವಷ್ಟು ಎಳೆದು ಮೊಳೆ ಹೊಡೆದೆ. ಬಲಗಡೆ ಅರ್ಧ ಕೆರೆ, ಎಡಗಡೆ ಬರೀ ಬಟ್ಟೆ.

"ಅದ್ಯಾಕೆ ಅರ್ಧ ಖಾಲಿ ಬಿಟ್ಟಿದ್ದೀರ?" ಎಂದರು ಅವರು.

"ಖಾಲಿ ಅಲ್ಲ. ಅದು ನಮ್ಮಕ್ಕ ಹುಡುಕ್ತಿದ್ದ ಹಾಳೆಯ ಜಾಗ" ಎಂದೆ. "ನಿಮ್ಮನೇಲಿ ಹಳೇ ನಕ್ಷೆ ಬೇರೆ ಯಾವುದಾದ್ರೂ ಇದೆಯಾ?"